ಲಾಡಿ ಹೇಳುವ ಇತಿಹಾಸ

ಬೀದರ್ ಕೋಟೆಯ ವಯಸ್ಸು ಹೇಳಲು ಶಾಸನಗಳಿವೆ. ಭಾಲ್ಕಿಯ ಹಳೆ ಸಂದೂಕಿನಲ್ಲಿ ಸಿಕ್ಕ ಪರಕರದ ವಯಸ್ಸಿಗೆ ಲಾಡಿಯನ್ನೇ ಕೇಳಬೇಕು. ಅದೂ ಸರಿಯಾಗಿ ಬಾಯಿ ಬಿಡುವುದಿಲ್ಲ. ಯಾಕೆಂದರೆ ಔರಾದಿನಲ್ಲಿ ಇವತ್ತಿಗೂ ಪರಕರಕ್ಕೆ ಲಾಡಿಯೇ.

ಬನಿಯನ್ ಹೆಚ್ಚು ಪ್ರಾಮಾಣಿಕ. ಚೀಟಿಯ ಮೇಲೆ ಬೆಲೆ ಆಣೆಯಲ್ಲಿದ್ದರೆ ಅದು ಸಾಮಾನ್ಯವಾಗಿ 1957ರ ಏಪ್ರಿಲ್‌ಗಿಂತ ಹಿಂದಿನದು. ‘ನಯೇ ಪೈಸೆ’ ಇದ್ದರೆ 1964ರೊಳಗಿನದು. ತಿರುಪ್ಪೂರಿನ ವಿಳಾಸಕ್ಕೆ ಪಿನ್‌ಕೋಡ್ ಅಂಟಿದ್ದರೆ 1972ರ ಆಗಸ್ಟ್ ನಂತರದ್ದು. ಇನ್ನು ಲೈಕ್ರಾ ಹುಟ್ಟಿದ್ದೇ 1958ರಲ್ಲಿ, ಅಮೆರಿಕದಲ್ಲಿ. ಎಳೆದರೆ ಹಿಗ್ಗಿ ಹಿಂದೆ ಬರುವ ಲೈಕ್ರಾ ಚಡ್ಡಿಯನ್ನು ‘ನಿಜಾಮರ ಕಾಲದ್ದು ಸಾಹೇಬ್ರೆ’ ಎಂದು ಮಾರುವವನಿಗೆ ಕೈಮುಗಿದು ಮುಂದೆ ನಡೆಯಿರಿ.

ನನ್ನ ಮೆಚ್ಚುಗೆಯೆಲ್ಲ ಮುಂದೆ ಗಂಟು ಹಾಕುವ ಖಣದ ಕುಬಸಕ್ಕೆ. ಹುಕ್ಕಿಲ್ಲ, ಇಲಾಸ್ಟಿಕ್ ಇಲ್ಲ. ಒಳಗಿನ ಕೆಲಸ, ಹೊರಗಿನ ಮಾನ ಎರಡೂ ಒಂದೇ ಬಟ್ಟೆಯದು. ಬಗಲಲ್ಲಿ ಸೇರಿಸಿದ ಚೌಕ ತುಂಡಿನಿಂದ ಕೈ ಎತ್ತಿ ರೊಟ್ಟಿ ಬಡಿದರೂ ಹೊಲಿಗೆ ಬಿಚ್ಚುವುದಿಲ್ಲ. ಇಷ್ಟು ಬುದ್ಧಿವಂತ ಹೊಲಿಗೆಗೆ ಯಾರೂ ಪೇಟೆಂಟ್ ಪಡೆಯಲಿಲ್ಲ ನೋಡಿ!

ಗಂಡಸರ ಬನಿಯನ್ನಿಗೆ ಸಂದೂಕಿನಲ್ಲಿ ಉಳಿಯುವ ಭಾಗ್ಯವಿಲ್ಲ. ತೂತು ಬಿದ್ದ ಮೇಲೆ ನೆಲ ಒರೆಸಿ, ಆಮೇಲೆ ಬೈಕಿನ ಚೈನು ಒರೆಸಿ ಕಣ್ಮರೆಯಾಗುತ್ತದೆ. ಚೀಟಿಯನ್ನಂತೂ ಕುತ್ತಿಗೆಗೆ ಚುಚ್ಚುತ್ತದೆಂದು ಮೊದಲ ದಿನವೇ ಕತ್ತರಿಸಿ ಒಗೆದಿರುತ್ತಾರೆ.