ಆದೋನಿ ಸಿಲೆಬಸ್

(ಆದೋನಿ ಹತ್ತಿ ಮಾರ್ಕೆಟ್ ಎದುರಿನ ಚಹದಂಗಡಿ. ಜೆಎನ್‌ಯುನಲ್ಲಿ ಅಂತರರಾಷ್ಟ್ರೀಯ ಸಂಬಂಧಗಳ ಎಂ.ಎ. ಸೀಟು ಸಿಕ್ಕ ಅಳಿಯ, ಹತ್ತಿ ದಲ್ಲಾಳಿ ಸೋದರಮಾವ.)

ಅಳಿಯ: ಮಾವಾ, ಮೊದಲ ಸೆಮಿಸ್ಟರಿಗೆ ಪೇಪರ್ ಆರಿಸ್ಬೇಕ್ರಿ. ‘ಗಡಿ ರಾಜಕೀಯ’ ತಗೊಳ್ಲಾ?

ಮಾವ: ದಂಡಕ್ಕೆ ಫೀಸು ಯಾಕೋ? ನಮ್ಮಪ್ಪ ಹೊಸ್ತಿಲು ದಾಟ್ಲಿಲ್ಲ. ರಾತ್ರಿ ಮಲಗಿದ್ದು ಮದ್ರಾಸಿನ ಬಳ್ಳಾರಿ ಜಿಲ್ಲೆಯಾಗ, 1953ರ ಅಕ್ಟೋಬರ್ 1ಕ್ಕೆ ಎದ್ದಿದ್ದು ಆಂಧ್ರದಾಗ! ಬಳ್ಳಾರಿ ಮೈಸೂರಿಗೆ, ಆದೋನಿ, ಆಲೂರು, ರಾಯದುರ್ಗ ಇತ್ಲಾಗೆ.

ಅಳಿಯ: ‘ಒಪ್ಪಂದಗಳ ಇತಿಹಾಸ’?

ಮಾವ: 1800ರಾಗ ನಿಜಾಮ ಇಂಗ್ಲಿಷರ ಪಲ್ಟನ್ ಖರ್ಚಿಗೆ ಅಂತ ನಮ್ಮನ್ನ ಕಂಪನಿಗೆ ಬರ್ದುಕೊಟ್ಟ. ನಮ್ಮನ್ನ ಕೇಳಿದ್ನಾ? ಮುಗೀತು ಪಾಠ.

ಅಳಿಯ: ‘ನದಿ ನೀರಿನ ರಾಜತಂತ್ರ’?

ಮಾವ: ಡ್ಯಾಂ ಹೊಸಪೇಟೆಯಾಗ, ತುಂಗಭದ್ರಾ ಕೆಳಮಟ್ಟದ ಕಾಲುವೆ ನಮ್ ಕಡೆ. ಕೊನೇ ತೂಬಿನ ರೈತನ್ನ ಕೇಳು. ನೀರು ಬರೋಕ್ಕಿಂತ ಮುಂಚೆ ಭರವಸೆ ಬರ್ತದೆ, ಅದಕ್ಕೆ ಕಾಲುವೆನೂ ಬೇಕಾಗಿಲ್ಲ.

ಅಳಿಯ: ‘ಜಾಗತಿಕ ವ್ಯಾಪಾರ’ ಆದ್ರೂ...

ಮಾವ: ನ್ಯೂಯಾರ್ಕಿನಾಗ ಹತ್ತಿ ರೇಟು ಬಿದ್ರೆ ನಮ್ ಯಾರ್ಡಿಗೆ ಆ ಕ್ಷಣಕ್ಕೇ ಗೊತ್ತು. ಏರಿದ್ರೆ ಸುದ್ದಿ ಬರೋದು ರೈತ ಮಾಲು ಮಾರಿದ ಮ್ಯಾಲೆ.

ಅಳಿಯ: ಯಾಕ್ರಿ ಹಂಗೆ?

ಮಾವ: ಅದು ದಲ್ಲಾಳಿಗಳ ಸ್ಪೆಷಲ್ ಪೇಪರ್. ಹೊರಗಿನೋರಿಗೆ ಹೇಳಂಗಿಲ್ಲ.

ಅಳಿಯ: ಒಂದು ವಿದೇಶಿ ಭಾಷೆ?

ಮಾವ: ಮನೆಯಾಗ ಕನ್ನಡ, ಆಫೀಸಿನಾಗ ತೆಲುಗು, ಪ್ಯಾಟ್ಯಾಗ ಉರ್ದು. ಅರ್ಜಿ ಮೂರರಾಗೂ ಬರೀತೀವಿ, ಉತ್ತರ ಒಂದ್ರಾಗೂ ಬರಲ್ಲ.

ಅಳಿಯ: ಎಲ್ಲಾ ಇಲ್ಲೇ ಇದ್ರೆ ದಿಲ್ಲಿಗೆ ಯಾಕ್ರಿ ಹೋಗ್ಲಿ?

ಮಾವ: ಅನುಭವಿಸಿದೋರಿಗೆ ಡಿಗ್ರಿ ಕೊಡಲ್ಲಪ್ಪಾ, ಓದಿದೋರಿಗೇ ಕೊಡೋದು. ಎಲ್ಲಾ ಪೇಪರೂ ತಗೋ. ಫೇಲಾದ್ರೆ ಮಾತ್ರ ಊರ ಹೆಸರು ಹೇಳ್ಬ್ಯಾಡ!