ಹೊಸ ಕರ್ನೆಲ್‌ಗೆ ಪೇಜ್ ಟೇಬಲ್ ನಿರ್ವಹಣಾ ಕೈಪಿಡಿ

ಮಾನ್ಯ ಕರ್ನೆಲ್ ಅವರೇ,

ಯಂತ್ರ ಈಗಷ್ಟೇ ಎದ್ದು ಕೂತಿದೆ. ಮೆಮೊರಿಯ ಉಸ್ತುವಾರಿ ನಿಮ್ಮ ಪಾಲಿಗೆ ಬಂದಿದೆ, ಅಭಿನಂದನೆಗಳು. ನಿಮ್ಮದು ಹಳೆಯ ಕಾಲದ ಶಾನುಭೋಗಿಕೆ ಎಂದುಕೊಳ್ಳಿ. ಜಮೀನು ನಿಮ್ಮದಲ್ಲ. ಯಾವ ತುಂಡು ಯಾರ ಹೆಸರಿನಲ್ಲಿದೆ ಎಂಬ ದಫ್ತರ ಮಾತ್ರ ನಿಮ್ಮ ಬಗಲಲ್ಲಿರುತ್ತದೆ. ಇಲ್ಲಿ ಜಮೀನೆಂದರೆ ರ‍್ಯಾಮ್, ರೈತರೆಂದರೆ ಪ್ರೋಗ್ರಾಂಗಳು. ಒಂದೇ ವ್ಯತ್ಯಾಸ: ಪ್ರತಿಯೊಬ್ಬ ರೈತನಿಗೂ ಇಡೀ ಊರೇ ತನ್ನದೆಂದು ನೀವು ನಂಬಿಸಬೇಕು. ಈ ಕೈಪಿಡಿ ಎಕ್ಸ್86-64 ಯಂತ್ರದ ಮೇಲೆ ಓಡುವ ಲಿನಕ್ಸ್‌ಗಾಗಿ. ಉಳಿದವರು ದಯವಿಟ್ಟು ಪಕ್ಕದ ಕೌಂಟರಿನಲ್ಲಿ ವಿಚಾರಿಸಿ.

ಪೆಟ್ಟಿಗೆಯಲ್ಲಿ ಏನೇನಿದೆ

4 ಕೆಬಿ ಅಳತೆಯ ಪುಟಗಳು, ಬೇಕಾದಷ್ಟು. ಪ್ರತಿ ಪ್ರಕ್ರಿಯೆಗೂ, ಅಂದರೆ ಓಡುತ್ತಿರುವ ಪ್ರತಿ ಪ್ರೋಗ್ರಾಂಗೂ, ಒಂದು ಪೇಜ್ ಟೇಬಲ್; ಅದೇ ನಿಮ್ಮ ದಫ್ತರ. ಆ ಟೇಬಲ್ಲಿನ ತಲೆ ಎಲ್ಲಿದೆ ಎಂದು ಸಿಪಿಯುಗೆ ತೋರಿಸಲು ಸಿಆರ್3 ಎಂಬ ರಿಜಿಸ್ಟರ್. ಜೊತೆಗೆ ಟಿಎಲ್‌ಬಿ. ಅದರ ಗೋಳು ಆಮೇಲೆ ಹೇಳುತ್ತೇವೆ.

ವಿಳಾಸಕ್ಕೆ 48 ಬಿಟ್. ಕೆಳಗಿನ 12 ಬಿಟ್ ಪುಟದೊಳಗಿನ ಜಾಗ ಹೇಳುತ್ತವೆ. ಉಳಿದ 36ನ್ನು ಒಂಬತ್ತೊಂಬತ್ತರಂತೆ ನಾಲ್ಕು ಪಾಲು ಮಾಡಿ. ಪಿಜಿಡಿ, ಪಿಯುಡಿ, ಪಿಎಂಡಿ, ಪಿಟಿಇ ಎಂಬ ನಾಲ್ಕು ಹಂತಗಳನ್ನು ಒಂದೊಂದಾಗಿ ಇಳಿದರೆ ಪುಟ ಸಿಗುತ್ತದೆ. ಪ್ರತಿ ಟೇಬಲ್ಲಿನಲ್ಲೂ 512 ನಮೂದು, ನಮೂದಿಗೆ 8 ಬೈಟ್. ಹಾಗಾಗಿ ಟೇಬಲ್ ಕೂಡ ಸರಿಯಾಗಿ ಒಂದೇ ಪುಟದಲ್ಲಿ ಕೂರುತ್ತದೆ.

ಇಷ್ಟು ಮೆಟ್ಟಿಲು ಯಾಕೆ, ಉದ್ದಕ್ಕೆ ಒಂದೇ ಪಟ್ಟಿ ಬರೆದಿಟ್ಟರಾಗದೇ ಎಂದು ಕೇಳುವ ಜಾಣರಿದ್ದಾರೆ. ಧಾರಾಳವಾಗಿ ಬರೆಯಬಹುದು, ಒಂದೊಂದು ಪ್ರಕ್ರಿಯೆಯ ಪಟ್ಟಿಗೂ 512 ಜಿಬಿ ತೆಗೆದಿಡಬೇಕು, ಅಷ್ಟೇ. ಮೆಟ್ಟಿಲುಗಳಿದ್ದರೆ ಬಳಸದ ಪ್ರದೇಶಕ್ಕೆ ಮೇಲಿನ ಹಂತದಲ್ಲೇ ಸೊನ್ನೆ ಬರೆದು ಕೈತೊಳೆದುಕೊಳ್ಳಬಹುದು, ಕೆಳಗಿನ ಟೇಬಲ್ಲುಗಳು ಹುಟ್ಟುವುದೇ ಇಲ್ಲ. ಈ ಏರ್ಪಾಡಿನಲ್ಲಿ 256 ಟಿಬಿವರೆಗೆ ವಿಳಾಸ ಕೊಡಬಹುದು. ಅದೂ ಸಾಲದು ಎನ್ನುವವರಿಗಾಗಿ 2017ರಲ್ಲಿ ಲಿನಕ್ಸ್ ಐದನೆಯ ಹಂತವನ್ನೂ ಕಟ್ಟಿಕೊಂಡಿತು.

ಮೊದಲ ಬಳಕೆ

ಪ್ರೋಗ್ರಾಂ ಬಂದು ಎಂಮ್ಯಾಪ್ ಎಂಬ ಕರೆ ಮಾಡಿ 1 ಜಿಬಿ ಕೇಳುತ್ತದೆ. ನಗುಮುಖದಿಂದ ಹೂಂ ಎನ್ನಿ. ಆದರೆ ಒಂದು ಬೈಟನ್ನೂ ಕೊಡಬೇಡಿ. ಇಂಥ ವಿಳಾಸದಿಂದ ಇಂಥ ವಿಳಾಸದವರೆಗೆ ಇವರದು, ಓದಬಹುದು, ಬರೆಯಬಹುದು ಎಂದು ವಿಎಂಎ ಎಂಬ ಚೀಟಿಯಲ್ಲಿ ಬರೆದಿಟ್ಟುಕೊಳ್ಳಿ, ಸಾಕು. ಕೇಳಿದವರು ಕೇಳಿದ್ದನ್ನೆಲ್ಲ ಬಳಸುವುದು ಅಪರೂಪ.

ಮುಂದೆ ಆ ಪ್ರೋಗ್ರಾಂ ನಿಜವಾಗಿ ಒಂದು ಜಾಗಕ್ಕೆ ಬರೆಯಲು ಹೋಗುತ್ತದೆ. ಟೇಬಲ್ಲಿನಲ್ಲಿ ನಮೂದಿಲ್ಲ, ಸಿಪಿಯು ಪೇಜ್ ಫಾಲ್ಟ್ ಎಂದು ಕೂಗಿಕೊಂಡು, ಎಡವಿದ ವಿಳಾಸವನ್ನು ಸಿಆರ್2ನಲ್ಲಿಟ್ಟು ನಿಮ್ಮನ್ನು ಕರೆಯುತ್ತದೆ. ಗಾಬರಿಯಾಗಬೇಡಿ. ಚೀಟಿ ನೋಡಿ. ವಿಳಾಸ ಚೀಟಿಯೊಳಗಿದ್ದರೆ ಒಂದೇ ಒಂದು ಪುಟ ಹುಡುಕಿ, ಸೊನ್ನೆ ತುಂಬಿ (ಹಿಂದಿನವರ ಪಾಸ್‌ವರ್ಡ್ ಅದರಲ್ಲೇ ಬಿದ್ದಿರಬಹುದು), ಪಿಟಿಇಯಲ್ಲಿ ಬರೆದು, ಪ್ರೆಸೆಂಟ್ ಬಿಟ್ ಹಚ್ಚಿ ಮರಳಿ. ಎಡವಿದ ಆಜ್ಞೆಯೇ ಮತ್ತೊಮ್ಮೆ ಓಡುತ್ತದೆ. ತಾನು ಎಡವಿದ್ದು ಪ್ರೋಗ್ರಾಂಗೆ ಗೊತ್ತೇ ಆಗುವುದಿಲ್ಲ. ವಿಳಾಸ ಚೀಟಿಯ ಹೊರಗಿದ್ದರೆ ಸೆಗ್ಮೆಂಟೇಶನ್ ಫಾಲ್ಟ್ ಕೊಟ್ಟು ಮನೆಗೆ ಕಳಿಸಿ. ದಯೆ ದಾಕ್ಷಿಣ್ಯ ಬೇಡ.

ಫೋರ್ಕ್ ಆದಾಗಲೂ, ಅಂದರೆ ಒಂದು ಪ್ರಕ್ರಿಯೆ ತನ್ನಂತೆಯೇ ಇನ್ನೊಂದನ್ನು ಹುಟ್ಟಿಸಿದಾಗಲೂ, ಇದೇ ಜಿಪುಣತನ ಇರಲಿ. ತಾಯಿ ಪ್ರಕ್ರಿಯೆಯ ಪುಟಗಳನ್ನು ಮಗುವಿಗೆ ನಕಲು ಮಾಡಿ ಕೊಡಬೇಡಿ. ಇಬ್ಬರ ಟೇಬಲ್ಲುಗಳೂ ಅದೇ ಪುಟಗಳನ್ನು ತೋರಿಸಲಿ, ಇಬ್ಬರಿಗೂ ಓದುವ ಹಕ್ಕು ಮಾತ್ರ ಇರಲಿ. ಯಾರಾದರೂ ಬರೆಯಲು ಕೈ ಚಾಚಿದ ಮೇಲೆ ಆ ಒಂದು ಪುಟವನ್ನಷ್ಟೇ ನಕಲು ಮಾಡಿ. ಹೇಳಲು ಸುಲಭ. ಈ ನಕಲು ಮಾಡುವ ಹಾದಿಯಲ್ಲಿದ್ದ ಒಂದು ಸಂದಿನಿಂದ ಓದಲಷ್ಟೇ ಅನುಮತಿಯಿದ್ದ ಕಡತಕ್ಕೂ ಬರೆಯಬಹುದಾಗಿತ್ತು. ಅದು ವರ್ಷಗಟ್ಟಲೆ ಲಿನಕ್ಸಿನೊಳಗೇ ಕೂತಿದ್ದು, 2016ರಲ್ಲಿ ಡರ್ಟಿ ಕೌ ಎಂಬ ಹೆಸರಿನಲ್ಲಿ ಹೊರಬಿತ್ತು. ಹನ್ನೊಂದು ವರ್ಷದ ಹಿಂದೆ ತಾನೇ ಒಮ್ಮೆ ಇದಕ್ಕೆ ಕೆಟ್ಟದಾಗಿ ತೇಪೆ ಹಾಕಲು ನೋಡಿದ್ದೆನೆಂದು ಲಿನಕ್ಸ್ ಹುಟ್ಟಿಸಿದ ಲೈನಸ್ ಟೊರ್ವಾಲ್ಡ್ಸ್ ತಿದ್ದುಪಡಿಯ ಟಿಪ್ಪಣಿಯಲ್ಲೇ ಬರೆದರು.

ಎಚ್ಚರಿಕೆ: ಹಿಂಪಡೆಯುವ ಮುನ್ನ ಓದಿ

ಇಲ್ಲಿಯವರೆಗಿನದು ಹುಡುಗಾಟ. ನಮೂದು ಬರೆಯುವುದು ಯಾರಿಗಾದರೂ ಬರುತ್ತದೆ. ಅಳಿಸುವಾಗಲೇ ಹುದ್ದೆ ಹೋಗುವುದು.

ನಾಲ್ಕು ಮೆಟ್ಟಿಲು ಪ್ರತಿ ಸಲ ಇಳಿದು ಹತ್ತಲು ಸಿಪಿಯುಗೆ ಬೇಸರ. ಅದಕ್ಕೇ ಒಮ್ಮೆ ಹುಡುಕಿದ್ದನ್ನು ಟಿಎಲ್‌ಬಿಯಲ್ಲಿ ಬರೆದಿಟ್ಟುಕೊಳ್ಳುತ್ತದೆ, ಮುಂದಿನ ಸಲ ನಿಮ್ಮ ದಫ್ತರದ ಕಡೆ ತಿರುಗಿಯೂ ನೋಡುವುದಿಲ್ಲ. ನೀವು ದಫ್ತರದಲ್ಲಿ ಅಳಿಸಿದ್ದು ಅದಕ್ಕೆ ತಾನಾಗಿ ತಿಳಿಯುವುದಿಲ್ಲ. ಆದ್ದರಿಂದ ಕ್ರಮ ಹೀಗಿರಲಿ: ಮೊದಲು ನಮೂದು ಅಳಿಸಿ, ಆಮೇಲೆ ಟಿಎಲ್‌ಬಿಯಿಂದ ತೆಗೆಸಿ, ಕಟ್ಟಕಡೆಗೆ ಪುಟವನ್ನು ಇನ್ನೊಬ್ಬರಿಗೆ ಕೊಡಿ. ಎರಡನೆಯದಕ್ಕೆ ಮುಂಚೆ ಮೂರನೆಯದನ್ನು ಮಾಡಿದಿರೋ, ಹಳೆಯ ರೈತ ಹೊಸ ಮಾಲೀಕನ ಗದ್ದೆಯಲ್ಲಿ ನೇಗಿಲು ಹೂಡುತ್ತಿರುತ್ತಾನೆ. ಯಾವ ಫಾಲ್ಟೂ ಬರುವುದಿಲ್ಲ, ಯಾರೂ ದೂರುವುದೂ ಇಲ್ಲ.

ಇನ್‌ವಿಎಲ್‌ಪಿಜಿ ಎಂಬ ಆಜ್ಞೆ ತಾನು ಓಡಿದ ಕೋರ್‌ನ ನೆನಪನ್ನಷ್ಟೇ ಅಳಿಸುತ್ತದೆ. ಅದೇ ಪ್ರಕ್ರಿಯೆ ಬೇರೆ ಕೋರ್‌ಗಳಲ್ಲೂ ಓಡುತ್ತಿದ್ದರೆ ಸಾಮಾನ್ಯವಾಗಿ ಪ್ರತಿಯೊಂದಕ್ಕೂ ಇಂಟರಪ್ಟ್ ಕಳಿಸಿ, ಅದು ತನ್ನ ಕೆಲಸ ಬಿಟ್ಟು ಟಿಎಲ್‌ಬಿ ತೊಳೆದು ಆಯಿತು ಎನ್ನುವವರೆಗೆ ಕಾಯಬೇಕು. ಇದಕ್ಕೆ ಶೂಟ್‌ಡೌನ್ ಎನ್ನುತ್ತಾರೆ. ಕೋರ್‌ಗಳು ಹೆಚ್ಚಿದಷ್ಟೂ ಕಾಯುವುದೂ ಹೆಚ್ಚು. ಹೀಗಾಗಿ ಒಂದೊಂದು ಪುಟಕ್ಕೂ ಊರೆಲ್ಲ ಡಂಗುರ ಸಾರಬೇಡಿ, ಒಟ್ಟುಗೂಡಿಸಿ ಒಮ್ಮೆಲೇ ತೊಳೆಸಿ.

ಒಂದು ಕ್ಷಣ ತಡವಾದರೆ ಏನು ಮಹಾ ಎನ್ನುವವರು ಎಂರಿಮ್ಯಾಪ್ ಪ್ರಕರಣ ಓದಿಕೊಳ್ಳಲಿ. ನಮೂದುಗಳನ್ನು ಒಂದು ವಿಳಾಸದಿಂದ ಇನ್ನೊಂದಕ್ಕೆ ಸಾಗಿಸುವ ಈ ಕರೆ, ಟೇಬಲ್ಲಿನ ಬೀಗ ತೆಗೆದ ಮೇಲೆ ಟಿಎಲ್‌ಬಿ ತೊಳೆಯುತ್ತಿತ್ತು. ಆ ನಡುವಿನ ಚಿಟಿಕೆ ಹೊತ್ತಿನಲ್ಲಿ ಬೇರೊಂದು ಕರೆ ಆ ಪುಟವನ್ನು ಬಿಡುಗಡೆ ಮಾಡಿ, ಅದು ಮತ್ತೊಬ್ಬರ ಕೈ ಸೇರಬಹುದಿತ್ತು. ಹಳೆಯವನ ಟಿಎಲ್‌ಬಿಯಲ್ಲಿ ದಾರಿ ಇನ್ನೂ ತೆರೆದೇ ಇರುತ್ತಿತ್ತು. ಗೂಗಲ್ ಪ್ರಾಜೆಕ್ಟ್ ಝೀರೋದ ಯಾನ್ ಹಾರ್ನ್ ಇದನ್ನು 2018ರಲ್ಲಿ ಪತ್ತೆ ಮಾಡಿದರು. ಕೋಡಿನ ಸಾಲುಗಳೆಲ್ಲ ಇದ್ದವು, ಹಿಂದುಮುಂದಾಗಿದ್ದವು, ಅಷ್ಟೇ.

ಅದೇ ವರ್ಷ ಜನವರಿಯಲ್ಲಿ ಮೆಲ್ಟ್‌ಡೌನ್ ಎಂಬ ದೋಷ ಬಯಲಿಗೆ ಬಂತು. ಪ್ರೋಗ್ರಾಂ ಮುಟ್ಟಬಾರದೆಂದು ಗುರುತು ಹಾಕಿ, ಅದರ ಟೇಬಲ್ಲಿನಲ್ಲೇ ಇಟ್ಟಿದ್ದ ನಿಮ್ಮ ಸ್ವಂತ ಪುಟಗಳನ್ನು ಅನೇಕ ಇಂಟೆಲ್ ಸಿಪಿಯುಗಳಲ್ಲಿ ಕದ್ದು ಓದಬಹುದೆಂದು ಗೊತ್ತಾಯಿತು. ಅಂಥ ಯಂತ್ರಗಳಲ್ಲಿ ಈಗ ಪ್ರಕ್ರಿಯೆಗೆ ಎರಡು ದಫ್ತರ: ನಿಮಗೆ ಪೂರ್ತಿಯದು, ಪ್ರೋಗ್ರಾಂಗೆ ನಿಮ್ಮ ಸುಳಿವು ಹೆಚ್ಚುಕಡಿಮೆ ಇಲ್ಲದ್ದು.

ತೊಂದರೆ ಬಂದರೆ

ಮಾತು ಕೊಟ್ಟಿದ್ದು ಹೆಚ್ಚಾಗಿ, ಎಲ್ಲರೂ ಒಟ್ಟಿಗೆ ಕೇಳಲು ಬಂದರೆ: ಓಓಎಂ ಕಿಲ್ಲರ್‌ನನ್ನು ಕರೆಯಿರಿ. ಅವನು ಸಾಮಾನ್ಯವಾಗಿ ಅತಿ ಹೆಚ್ಚು ಮೆಮೊರಿ ತಿಂದವನನ್ನು ಆರಿಸಿ ಕೊಲ್ಲುತ್ತಾನೆ. ಇದು ನ್ಯಾಯವಲ್ಲ. ಡೇಟಾಬೇಸ್ ಸತ್ತು, ಕೆಲಸಕ್ಕೆ ಬಾರದ ಪ್ರೋಗ್ರಾಂ ಉಳಿದ ರಾತ್ರಿ ಸರ್ವರ್ ಕಾಯುವವರನ್ನು ಕೇಳಿ ನೋಡಿ.

ಖಾತರಿ: ಇಲ್ಲ. ಜಿಪಿಎಲ್ ಪರವಾನಗಿಯಲ್ಲೇ ಹಾಗೆಂದು ಬರೆದಿದೆ.

ಯಂತ್ರದ ಮಾಲೀಕರ ಗಮನಕ್ಕೆ

ದಫ್ತರಕ್ಕೂ ಜಾಗ ಬೇಕು. ಪ್ರೊಕ್ ಡೈರೆಕ್ಟರಿಯ ಮೆಮ್‌ಇನ್ಫೋ ಕಡತ ತೆರೆದು ಪೇಜ್‌ಟೇಬಲ್ಸ್ ಎಂಬ ಸಾಲು ನೋಡಿ. 1 ಜಿಬಿಯನ್ನು 4 ಕೆಬಿ ಪುಟಗಳಲ್ಲಿ ಪೂರ್ತಿ ಬಳಸಿದರೆ ಕೊನೆಯ ಹಂತದ ಟೇಬಲ್ಲುಗಳೇ 2 ಎಂಬಿ ತಿನ್ನುತ್ತವೆ, ಅದೇನೂ ದೊಡ್ಡದಲ್ಲ. ಆದರೆ ಡೇಟಾಬೇಸ್‌ಗಳು ಮಾಡುವಂತೆ ಅದೇ 1 ಜಿಬಿಯನ್ನು 512 ಪ್ರಕ್ರಿಯೆಗಳು ಹಂಚಿಕೊಂಡು ಮುಟ್ಟಿದರೆ, ಪ್ರತಿಯೊಂದಕ್ಕೂ ಅದರದೇ ಟೇಬಲ್: ಲೆಕ್ಕ ಬರೆಯುವುದಕ್ಕೇ ಇನ್ನೊಂದು 1 ಜಿಬಿ ಹೋಯಿತು. ನಿಮ್ಮ ಸರ್ವರಿನಲ್ಲಿ ಆ ಸಾಲು ಗಿಗಾಬೈಟ್‌ಗಳಲ್ಲಿದ್ದರೆ ಹೊಸ ರ‍್ಯಾಮ್ ಕೊಳ್ಳುವ ಮುಂಚೆ 2 ಎಂಬಿಯ ಹ್ಯೂಜ್ ಪೇಜ್ ಬಳಸಿ ನೋಡಿ.