ಆಲೆಮನೆಯಲ್ಲಿ ಅವ್ವ

ಪರದೇಶದಲ್ಲಿ ಹಳೇ ಕಾಲದ ಬೇಸಾಯ ತೋರಿಸುವುದಕ್ಕೂ ಟಿಕೆಟ್ಟಂತೆ. ನಮ್ಮ ಮಂಡ್ಯ ಸೀಮೆಯಲ್ಲಿ ಅದು ಬಿಟ್ಟಿ ಎಂದು ಮಗನಿಗೆ ಹೇಳಿ, ಭಾನುವಾರ ಅವ್ವನನ್ನೂ ಕೂರಿಸಿಕೊಂಡು ಗಂಜಾಂಗೆ ಹೊರಟೆ. ನಿಮಿಷಾಂಬ ಗುಡಿಯ ಸಾಲು ನಿಮಿಷದಲ್ಲಿ ಮುಗಿಯುವಂಥದ್ದಲ್ಲ. 1784ರ ದರಿಯಾ ದೌಲತ್ ಅರಮನೆಯ ಗೋಡೆಚಿತ್ರದಲ್ಲಿ ಪೊಳ್ಳಿಲೂರು ಯುದ್ಧ ನಡೆಯುತ್ತಿದ್ದರೆ ಮಗ ಆನೆ ಎಣಿಸುತ್ತ ನಿಂತ. ಹೆಸರುವಾಸಿ ಗಂಜಾಂ ಅಂಜೂರ ಹುಡುಕಿದೆವು, ಸಿಕ್ಕಿದ್ದು ಉಪ್ಪು ಖಾರ ಹಚ್ಚಿದ ಸೌತೆಕಾಯಿ.

ಕೊನೆಗೆ ದಾರಿಬದಿಯ ಆಲೆಮನೆ. ಕೊಪ್ಪರಿಗೆಯಲ್ಲಿ ಕಬ್ಬಿನ ಹಾಲು ಕೊತಕೊತ ಕುದಿಯುತ್ತಿತ್ತು. ಒಲೆಗೆ ಅದೇ ಕಬ್ಬಿನ ಒಣಸಿಪ್ಪೆ. "ನೋಡು ಮಗಾ, ಕೊಳೆ ತೆಗೆಯೋಕೆ ಬೆಂಡೆಗಿಡ ಜಜ್ಜಿದ ಲೋಳೆ ಹಾಕೋರು..." ಎಂದು ನನ್ನ ಪಾಂಡಿತ್ಯ ಬಿಚ್ಚಿದೆ.

"ನೀ ಸುಮ್ಕಿರಪ್ಪ. ಮದ್ವೆ ಆಗೋಗಂಟ ಈ ಹೊಗೇಲೇ ಬೆಂದಿವ್ನಿ. ಇದ ನೋಡಕ್ಕಾ ಇಷ್ಟು ಪೆಟ್ರೋಲ್ ಸುಟ್ಟಿದ್ದು?"

ಹಾಗಂದವಳೇ ಸೆರಗು ಸಿಕ್ಕಿಸಿ ಕೊಪ್ಪರಿಗೆ ಬಳಿ ಹೋದಳು. ತೊಟ್ಟು ಪಾಕ ನೀರಿಗೆ ಬಿಟ್ಟು, ಬೆರಳಲ್ಲಿ ಉಂಡೆ ಕಟ್ಟಿ ನೋಡಿ, "ಇಳಿಸ್ರಪ್ಪ" ಎಂದಳು. ಇಳಿಸಿಯೇಬಿಟ್ಟರು!

ನಾನು ಬಿಸಿ ಬೆಲ್ಲ ಬಾಯಿಗೆ ಹಾಕಿಕೊಂಡೆ. ಹಲ್ಲಿಗೆ ಹಲ್ಲು ಅಂಟಿ, ಶ್ರೀರಂಗಪಟ್ಟಣ ದಾಟುವವರೆಗೆ ಪಾಂಡಿತ್ಯ ಹೊರಡಲಿಲ್ಲ.